ಶೆಡ್ಡಿನಲ್ಲೊಂದು ಜೀಪು, ಮರ್ಫಿಯಲ್ಲಿ ಅಮೀರ್‌ಬಾಯಿ

ಎರಡನೇ ಮಹಾಯುದ್ಧದ ಜೀಪುಗಳ ಬಾನೆಟ್ ಮೇಲೆ ಬರೆದ ನಂಬರನ್ನು ಹಳೇ ಫೋಟೊಗಳಲ್ಲಿ ನೋಡಿರುತ್ತೀರಿ. ಕೆಲವು ನಂಬರುಗಳ ಕೊನೆಗೆ ಇಂಗ್ಲಿಷಿನ ‘ಎಸ್’ ಅಕ್ಷರ ಇರುತ್ತದೆ. ಈ ಗಾಡಿಯ ಎಂಜಿನ್ ಓಡುತ್ತಿದ್ದರೂ ಪಕ್ಕದಲ್ಲಿ ರೇಡಿಯೊ ಕೇಳಬಹುದು ಎಂಬುದಷ್ಟೇ ಅದರ ಅರ್ಥ. ಪೆಟ್ರೋಲ್ ಎಂಜಿನ್ನಿನ ಪ್ಲಗ್ಗಿನಲ್ಲಿ ಹಾರುವ ಒಂದೊಂದು ಕಿಡಿಯೂ ಒಂದು ಪುಟ್ಟ ಪ್ರಸಾರ ಕೇಂದ್ರವಿದ್ದಂತೆ. ಹತ್ತಿರದಲ್ಲಿ ರೇಡಿಯೊ ಇಟ್ಟರೆ ಹಾಡಿನ ಮೇಲೆಲ್ಲ ಟರ್ ಟರ್ ಎಂದು ಕಾಳು ಹುರಿದಂತೆ ಸದ್ದು ಬರುತ್ತದೆ. ಅದನ್ನು ಅಡಗಿಸಲು ಪ್ಲಗ್ ವೈರಿಗೆ ರೆಸಿಸ್ಟರ್ ಹಾಕುತ್ತಿದ್ದರು, ಡೈನಮೊ ಮತ್ತು ರೆಗ್ಯುಲೇಟರಿಗೆ ಫಿಲ್ಟರ್ ಕೂರಿಸುತ್ತಿದ್ದರು. ಬಾನೆಟ್, ಎಂಜಿನ್, ಚಾಸಿಸ್‌ಗಳನ್ನು ಜಡೆಯಂತೆ ಹೆಣೆದ ತಾಮ್ರದ ಪಟ್ಟಿಗಳಿಂದ ಒಂದಕ್ಕೊಂದು ಬಿಗಿಯುತ್ತಿದ್ದರು. ಇಷ್ಟೆಲ್ಲ ಮಾಡಿದ ಗಾಡಿಗೆ ಮಾತ್ರ ‘ಎಸ್’.

ನನಗೆ ಈ ವಿಷಯ ಗೊತ್ತಾದದ್ದು ಜೀಪಿನ ಮೇಲಿನ ಪ್ರೀತಿಗಿಂತ ಹಾಡಿನ ಮೇಲಿನ ಆಸೆಯಿಂದ. ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಶೆಡ್ಡಿನ ರೇಡಿಯೊ ಹುರಿಯಲು ಶುರು ಮಾಡುತ್ತಿತ್ತು. ಕಾರಣ ಹುಡುಕುತ್ತ ಹೋದವನಿಗೆ ಮಿಲಿಟರಿಯವರು ಎಂಬತ್ತು ವರ್ಷದ ಹಿಂದೆಯೇ ಅದಕ್ಕೆ ಮದ್ದು ಅರೆದಿದ್ದು ತಿಳಿಯಿತು.

ಬೀದರ್ ಜಿಲ್ಲೆಯ ಹುಮನಾಬಾದ್ ಕಡೆಯವನು ನಾನು. ಹೈದರಾಬಾದಿಗೆ ಬಂದು 21 ವರ್ಷವಾಯಿತು. ಸೋಮವಾರದಿಂದ ಶುಕ್ರವಾರದವರೆಗೆ ಗಚ್ಚಿಬೌಲಿಯ ಗಾಜಿನ ಕಟ್ಟಡವೊಂದರಲ್ಲಿ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ. ಶನಿವಾರ ಮನೆಯವರದು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಬೋಯಿನಪಲ್ಲಿಯ ತಗಡಿನ ಶೆಡ್ಡಿನಲ್ಲಿ ಇರುತ್ತೇನೆ. ಅಲ್ಲಿ ನನ್ನ 1940ರ ದಶಕದ ಫೋರ್ಡ್ ಜೀಪು ಆರು ವರ್ಷದಿಂದ ಬಿಚ್ಚಿಕೊಂಡು ಕೂತಿದೆ. ಜೊತೆಗೆ ನಮ್ಮ ಉಸ್ತಾದ್. ಅರವತ್ತು ದಾಟಿದ ಈ ಮೆಕ್ಯಾನಿಕ್‌ಗೆ ಹೆಸರಿದೆ, ಆದರೆ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ.

ಜೀಪು ಸಿಕ್ಕಿದ್ದು ಝಹೀರಾಬಾದಿನ ಹತ್ತಿರ, ಕಬ್ಬಿನ ಗದ್ದೆಯ ಪಂಪ್‌ಹೌಸಿನ ಹಿಂದೆ. ಮಾರುವವರು ಅದನ್ನು ‘ಹಳೇ ಮಹೀಂದ್ರ’ ಎಂದೇ ತಿಳಿದಿದ್ದರು. ಅದು ಸಹಜ. ಮಹೀಂದ್ರದವರು 1947ರಿಂದ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ನಮ್ಮಲ್ಲಿ ಜೀಪು ಅಂದರೆ ಮಹೀಂದ್ರವೇ. ಉಸ್ತಾದ್ ಮಾತ್ರ ಬಗ್ಗಿ ರೇಡಿಯೇಟರಿನ ಕೆಳಗೆ ಕೈ ಹಾಕಿ ಸವರಿ ನನ್ನ ಕಡೆ ಕಣ್ಣು ಹೊಡೆದರು. ಯುದ್ಧಕಾಲದಲ್ಲಿ ಒಂದೇ ನಕ್ಷೆಯ ಜೀಪನ್ನು ವಿಲ್ಲಿಸ್ ಮತ್ತು ಫೋರ್ಡ್ ಎಂಬ ಎರಡು ಕಂಪನಿಗಳು ಮಾಡಿದವು. ಎರಡೂ ಸೇರಿ ಸುಮಾರು 6.4 ಲಕ್ಷ ಗಾಡಿ. ಹೊರಗಿನಿಂದ ನೋಡಿದರೆ ಅವಳಿ ಮಕ್ಕಳು. ಆದರೆ ಚಾಸಿಸ್‌ನ ಮುಂದಿನ ಅಡ್ಡಪಟ್ಟಿ ವಿಲ್ಲಿಸ್‌ನಲ್ಲಿ ದುಂಡನೆಯ ಪೈಪು, ಫೋರ್ಡ್‌ನಲ್ಲಿ ಬೋರಲು ಹಾಕಿದ ದೋಣಿಯ ಆಕಾರ. ಇಷ್ಟಲ್ಲದೆ ಫೋರ್ಡ್‌ನವರು ತಮ್ಮ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಎಂದು ಅಚ್ಚು ಒತ್ತುತ್ತಿದ್ದರು. ಮದುವೆಯ ಪಾತ್ರೆಗಳ ಮೇಲೆ ಹೆಸರು ಕೆತ್ತಿಸಿದಂತೆ. ನಮ್ಮ ಗಾಡಿಯಲ್ಲಿ ಅಂಥ 63 ಬೋಲ್ಟು ಉಳಿದಿದ್ದವು, ಲೆಕ್ಕ ಬರೆದಿಟ್ಟಿದ್ದೇನೆ.

ಮೂಲ ಎಂಜಿನ್ ಇರಲಿಲ್ಲ. ಪೆಟ್ರೋಲ್ ಕುಡಿಯುವ ಗಾಡಿಗೆ ರೈತರು ಡೀಸೆಲ್ ಎಂಜಿನ್ ಕೂರಿಸುವುದು ನಮ್ಮ ಕಡೆ ವಾಡಿಕೆ, ಅದು ತಪ್ಪೂ ಅಲ್ಲ. 2.2 ಲೀಟರಿನ, 60 ಅಶ್ವಶಕ್ತಿಯ ಆ ಹಳೇ ನಾಲ್ಕು ಸಿಲಿಂಡರಿನ ಎಂಜಿನ್ ಕೊನೆಗೆ ಸಿಕ್ಕಿದ್ದು ಸಂಗಾರೆಡ್ಡಿ ಕಡೆಯ ಒಂದು ಹಿಟ್ಟಿನ ಗಿರಣಿಯ ಹಿತ್ತಲಲ್ಲಿ. ಸಣ್ಣಪುಟ್ಟ ಸಾಮಾನಿಗೆ ರಾಣಿಗಂಜ್ ಇದೆ, ಗುರುವಾರ ರಜೆ ಹಾಕಿದರೆ ಪುರಾನಾಪುಲ್ ಬಳಿಯ ಜುಮ್ಮೆರಾತ್ ಬಜಾರ್ ಇದೆ. ಅಲ್ಲಿ ಒಡೆದ ಹುಕ್ಕಾದ ಪಕ್ಕದಲ್ಲೇ ಜೀಪಿನ ಆ್ಯಂಪಿಯರ್ ಮೀಟರ್ ಸಿಗುತ್ತದೆ. ಹಳೇ ಜೀಪು ರಿಪೇರಿ ಎನ್ನುವುದು ದೊಡ್ಡವರನ್ನೂ ಬಿಟ್ಟಿಲ್ಲ. ಸ್ವತಂತ್ರ ಭಾರತದ ಮೊದಲ ಹಗರಣವೇ 1948ರ ಜೀಪು ಖರೀದಿಯದು. ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ 80 ಲಕ್ಷ ರೂಪಾಯಿಯ ಕರಾರಿಗೆ ಸಹಿ ಹಾಕಿದರು, ಬಂದು ಇಳಿದದ್ದು 155 ಗಾಡಿ, ಅವೂ ಕೆಲಸಕ್ಕೆ ಬಾರದವು. ಉಸ್ತಾದ್‌ಗೆ ಈ ಕಥೆ ಬಹಳ ಇಷ್ಟ. ನಾನು ಬಿಲ್ ಕೇಳಿದಾಗಲೆಲ್ಲ ನೆನಪಿಸುತ್ತಾರೆ.

ಇನ್ನು ಹಾಡಿನ ವಿಷಯಕ್ಕೆ ಬರುತ್ತೇನೆ.

ಶೆಡ್ಡಿನ ಮೂಲೆಯಲ್ಲಿ ಒಂದು ಮರ್ಫಿ ವಾಲ್ವ್ ರೇಡಿಯೊ ಇದೆ. ಡಯಲ್ಲಿನ ಗಾಜಿನ ಮೇಲೆ ದಿಲ್ಲಿ, ಲಾಹೋರ್, ಢಾಕಾ ಒಂದೇ ಸಾಲಿನಲ್ಲಿ ಕೂತಿವೆ. ಹಳೇ ಶಹರಿನ ಛತ್ತಾ ಬಜಾರ್ ಕಡೆ ಇಂಥ ಡಬ್ಬಗಳಿಗೆ ಜೀವ ಕೊಡುವವರು ಇನ್ನೂ ಇದ್ದಾರೆ. ಒಣಗಿ ಹೋದ ಕಂಡೆನ್ಸರುಗಳನ್ನಷ್ಟೇ ಬದಲಾಯಿಸಿ ಕೊಟ್ಟರು. ಆ ಕಾಲದ ಒಳ್ಳೆಯ ಸೆಟ್ಟುಗಳ ಬೆನ್ನಿಗೆ ಗ್ರಾಮಫೋನ್ ಜೋಡಿಸಲು ಎರಡು ತೂತು ಇರುತ್ತವೆ. ಅಲ್ಲಿಗೆ ನನ್ನ ಮೊಬೈಲಿನ ವೈರು ಹಾಕಿದ್ದೇನೆ. ಮಾಡಿ ನೋಡುವ ಆಸೆಯಿದ್ದವರಿಗೆ ಒಂದು ಎಚ್ಚರಿಕೆ: ಸೆಟ್ಟಿನೊಳಗೆ ಟ್ರಾನ್ಸ್‌ಫಾರ್ಮರ್ ಇದೆಯೋ ಇಲ್ಲವೋ ತಿಳಿದವರಿಗೆ ತೋರಿಸಿಯೇ ಮುಟ್ಟಿ. ಅದಿಲ್ಲದ ಸೆಟ್ಟುಗಳ ಒಳಗಿನ ತಗಡಿನಲ್ಲಿ ನೇರ ಕರೆಂಟು ಹರಿಯಬಹುದು.

ಸ್ವಿಚ್ ಒತ್ತಿದ ಮೇಲೆ ವಾಲ್ವುಗಳು ಕಾಯಲು ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷವೇ ನನ್ನ ವಾರದ ರಜೆ ಶುರುವಾಗುವ ಹೊತ್ತು. ಮೊದಲು ಸಣ್ಣಗೆ ಗುಂಯ್ ಎನ್ನುತ್ತದೆ, ಆಮೇಲೆ ಗ್ಲೆನ್ ಮಿಲ್ಲರನ ಬ್ಯಾಂಡು. 1939ರಲ್ಲಿ ಧ್ವನಿಮುದ್ರಿಸಿದ ‘ಇನ್ ದ ಮೂಡ್’ ಕೇಳುತ್ತ ತುಕ್ಕು ಉಜ್ಜಿದರೆ ಕೈ ತಾನೇ ಲಯ ಹಿಡಿಯುತ್ತದೆ. ಮಿಲ್ಲರ್ ಅಮೆರಿಕದ ಸೇನೆ ಸೇರಿ ಸೈನಿಕರಿಗಾಗಿ ಬ್ಯಾಂಡ್ ಕಟ್ಟಿದ, 1944ರ ಡಿಸೆಂಬರ್ 15ರಂದು ಇಂಗ್ಲೆಂಡಿನಿಂದ ಹೊರಟ ಅವನ ವಿಮಾನ ಮತ್ತೆ ಸಿಗಲಿಲ್ಲ. ವೆರಾ ಲಿನ್ ಇದ್ದಾಳೆ. ಅದೇ ವರ್ಷ ಭಾರತದ ಮೂಲಕ ಬರ್ಮಾ ರಣರಂಗಕ್ಕೆ ಬಂದು ಹಾಡಿ ಹೋದವಳು. ‘ಲಿಲಿ ಮಾರ್ಲೀನ್’ ಇದೆ. ಜರ್ಮನರ ವಶದಲ್ಲಿದ್ದ ಬೆಲ್‌ಗ್ರೇಡ್ ರೇಡಿಯೊ 1941ರಲ್ಲಿ ರಾತ್ರಿ ಪ್ರಸಾರ ಮುಗಿಸುವ ಮೊದಲು ಈ ಹಾಡು ಹಾಕುತ್ತಿತ್ತು, ಆಫ್ರಿಕಾದ ಮರಳಿನಲ್ಲಿ ಎರಡೂ ಕಡೆಯ ಸೈನಿಕರು ಕಿವಿಗೊಡುತ್ತಿದ್ದರು. ಆ ಮರಳಿನಲ್ಲಿ ನಮ್ಮ 4ನೇ ಇಂಡಿಯನ್ ಡಿವಿಷನ್ ಕೂಡ ಇತ್ತು.

ಹಳೇ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ, ಸ್ವಲ್ಪ ಹೆಚ್ಚು ಕಡಿಮೆ. ಗಟ್ಟಿಯಾಗಿ ಕೂತ ಬೋಲ್ಟಿಗೆ ಎಣ್ಣೆ ಬಿಟ್ಟು ಐದು ಹಾಡು ಕಾಯಬೇಕು, ಹೊಸ ಪ್ರೈಮರ್ ಮುಟ್ಟಲು ಹತ್ತು ಹಾಡು. ನಮ್ಮ ಶೆಡ್ಡಿನಲ್ಲಿ ಗಡಿಯಾರ ಇಲ್ಲ.

ಆ ತಟ್ಟೆಗಳಿಗೂ ನಮಗೂ ಒಂದು ನಂಟಿದೆ. ಅವು ಪ್ಲಾಸ್ಟಿಕ್ ಅಲ್ಲ, ಅರಗು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಕೊಡುತ್ತಾರಲ್ಲ, ಮುತ್ತುಗ ಮತ್ತು ಬೋರೆ ಗಿಡಗಳ ಮೇಲೆ ಹುಳ ಕಟ್ಟುವ ಅದೇ ಅರಗು. ಜಗತ್ತಿಗೆ ಅದರ ಮುಖ್ಯ ಸರಬರಾಜು ಭಾರತದ್ದು, ಹೆಚ್ಚಾಗಿ ಛೋಟಾ ನಾಗಪುರದ ಕಾಡಿನದು. ಯುದ್ಧ ಬಂದು ಹಡಗುಗಳ ದಾರಿ ಕೆಟ್ಟಾಗ, ಇದ್ದ ಅರಗು ಸೈನ್ಯದ ಕೆಲಸಕ್ಕೂ ಬೇಕಾದಾಗ, ಅಮೆರಿಕ 1942ರಲ್ಲಿ ರೆಕಾರ್ಡ್ ಕಂಪನಿಗಳಿಗೆ ಕೊಡುತ್ತಿದ್ದ ಅರಗನ್ನು ಬಹುಪಾಲು ಕಡಿದು ಹಾಕಿತು. ಮರುವರ್ಷ ಸೈನಿಕರಿಗೆಂದೇ ‘ವಿ-ಡಿಸ್ಕ್’ ಎಂಬ ತಟ್ಟೆಗಳು ಬಂದವು. ಬಿದ್ದರೆ ಒಡೆಯದಂತೆ ಅವನ್ನು ವಿನೈಲಿನಲ್ಲಿ ಮಾಡತೊಡಗಿದರು. ಅಂದರೆ ಜಾರ್ಖಂಡಿನ ಹುಳ ಕಟ್ಟಿದ ಅರಗು ನ್ಯೂಯಾರ್ಕಿನ ಬ್ಯಾಂಡಿಗೆ ಕೊರತೆ ತಂದಿತ್ತು. ಗಾಡಿಗೆ ವಾರ್ನಿಷ್ ಬಳಿಯುವಾಗ ನನಗೆ ಇಂಥವೇ ತಲೆಗೆ ಬರುತ್ತವೆ.

ಹಾಡಿನಷ್ಟೇ ನಾನು ಸುದ್ದಿ ಪ್ರಸಾರಗಳನ್ನೂ ಕೇಳುತ್ತೇನೆ. 1940ರಿಂದ ಬಿಬಿಸಿಯ ಸುದ್ದಿ ಓದುವವರು ಮೊದಲು ತಮ್ಮ ಹೆಸರು ಹೇಳತೊಡಗಿದರು. ಅದು ದೊಡ್ಡಸ್ತಿಕೆಗಲ್ಲ. ಶತ್ರುಗಳು ತಮ್ಮ ದನಿ ಅನುಕರಿಸಿ ಸುಳ್ಳು ಸುದ್ದಿ ಬಿತ್ತರಿಸಿದರೆ ಜನ ಗುರುತಿಸಬೇಕು, ಅದಕ್ಕೆ. ಬರ್ಲಿನ್ನಿನಿಂದ ಇಂಗ್ಲಿಷಿನಲ್ಲಿ ಬ್ರಿಟಿಷರನ್ನು ಹಂಗಿಸುತ್ತಿದ್ದ ವಿಲಿಯಂ ಜಾಯ್ಸ್‌ನ ದನಿಯೂ ನನ್ನ ಬಳಿ ಇದೆ. ಯುದ್ಧ ಮುಗಿದ ಮೇಲೆ 1946ರ ಜನವರಿ 3ರಂದು ಅವನನ್ನು ಗಲ್ಲಿಗೇರಿಸಿದರು. ಸುಭಾಷರ ದನಿ ಬರ್ಲಿನ್ನಿನ ಆಜಾದ್ ಹಿಂದ್ ರೇಡಿಯೊದಲ್ಲಿ ಅವರ ಹೆಸರಿನಲ್ಲೇ ಬಂದದ್ದು 1942ರ ಫೆಬ್ರುವರಿ 19ರಂದು, ಸಿಂಗಪುರ ಬಿದ್ದ ನಾಲ್ಕನೇ ದಿನ. ಅದೇ ವರ್ಷ ಆಗಸ್ಟ್ 27ರಿಂದ ನವೆಂಬರ್ 12ರವರೆಗೆ ಮುಂಬೈಯಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಪೊಲೀಸರ ಕಣ್ಣು ತಪ್ಪಿಸಿ ಕಾಂಗ್ರೆಸ್ ರೇಡಿಯೊ ನಡೆಸಿದರು. ಅಡಗುದಾಣ ಬದಲಿಸುತ್ತ, ಟ್ರಾನ್ಸ್‌ಮಿಟರ್ ಹೊತ್ತುಕೊಂಡು. ನಮ್ಮ ಕಡೆಯ ‘ಯುದ್ಧಕಾಲದ ಪ್ರಸಾರ’ ಎಂದರೆ ಇದೂ ಸೇರಬೇಕು. ಬರೀ ಚರ್ಚಿಲ್ ಕೇಳಿದರೆ ಅರ್ಧ ಕಿವಿಯಲ್ಲಿ ಕೇಳಿದಂತೆ.

ಕನ್ನಡ ಎಲ್ಲಿತ್ತು ಎಂದು ನೀವು ಕೇಳಬಹುದು. ಮೈಸೂರಿನಲ್ಲಿ ಇತ್ತು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ 30 ವಾಟಿನ ಕೇಂದ್ರ ಶುರು ಮಾಡಿದ್ದರು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು ಆ ಮನೆಯ ಕೇಂದ್ರಕ್ಕೆ, ದೇಶದ್ದಾದದ್ದು ಆಮೇಲೆ. ಆದರೆ ಬೀದರಿನವರಾದ ನಮ್ಮ ಪಾಲಿಗೆ ಮೈಸೂರು ಬಹಳ ದೂರ. ನಾವು ನಿಜಾಮರ ಪ್ರಜೆಗಳು. ನಮಗಿದ್ದದ್ದು ಹೈದರಾಬಾದಿನ ಡೆಕ್ಕನ್ ರೇಡಿಯೊ. 1935ರ ಫೆಬ್ರುವರಿಯಲ್ಲಿ 200 ವಾಟಿನಿಂದ ಶುರುವಾದ ಆ ಕೇಂದ್ರದ ಮುಖ್ಯ ಭಾಷೆ ಉರ್ದು, ತೆಲುಗು ಮರಾಠಿಗಳ ಜೊತೆ ಕನ್ನಡಕ್ಕೂ ಸ್ವಲ್ಪ ಹೊತ್ತು. ಧಾರವಾಡ ಕೇಂದ್ರ 1950ರ ಜನವರಿಯಲ್ಲಿ ಬಂತು, ಕಲಬುರಗಿಯದು 1966ರಲ್ಲಿ. ಅಲ್ಲಿಯವರೆಗೆ ನಮ್ಮ ಹಿರಿಯರ ಕಿವಿ ಹೈದರಾಬಾದಿನ ಕಡೆಗೇ.

ಯುದ್ಧಕ್ಕೆ ಎರಡೂ ರಾಜಮನೆತನಗಳು ಕೈಬಿಚ್ಚಿ ಕೊಟ್ಟಿದ್ದವು. ಬ್ರಿಟನ್ನಿನ ವಾಯುಪಡೆಯಲ್ಲಿ ‘152 ಹೈದರಾಬಾದ್’ ಎಂಬ ಸ್ಪಿಟ್‌ಫೈರ್ ಸ್ಕ್ವಾಡ್ರನ್ ಇತ್ತು, ಅದರ ಲಾಂಛನದಲ್ಲಿ ನಿಜಾಮರ ಶಿರಸ್ತ್ರಾಣ. ‘129 ಮೈಸೂರು’ ಸ್ಕ್ವಾಡ್ರನ್ನಿನ ಲಾಂಛನದಲ್ಲಿ ನಮ್ಮ ಗಂಡಭೇರುಂಡ! ಇಂಗ್ಲಿಷ್ ಕಾಲುವೆಯ ಮೇಲೆ ಗಂಡಭೇರುಂಡ ಹಾರಿದ್ದನ್ನು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಹೇಳಿದರೆ ಎಂಥವರೂ ಚಹಾ ಬಿಟ್ಟು ತಿರುಗಿ ನೋಡುತ್ತಾರೆ.

ನಮ್ಮ ಅಪ್ಪ ಮಾತ್ರ ಈ ಯಾವುದಕ್ಕೂ ಬಗ್ಗಲಿಲ್ಲ. ಅವರಿಗೆ ಈಗ 86. ಕಣ್ಣಿನ ಆಪರೇಷನ್ನಿಗೆಂದು ಹೋದ ವರ್ಷ ಊರಿನಿಂದ ಬಂದು ಎರಡು ತಿಂಗಳು ಇದ್ದರು. ಮನೆಯಲ್ಲಿ ಕೂತು ಬೇಸರವಾಗಿ ಭಾನುವಾರ ಶೆಡ್ಡಿಗೆ ಬರುತ್ತಿದ್ದರು. ಮೊದಲ ದಿನ ಗ್ಲೆನ್ ಮಿಲ್ಲರ್ ಕೇಳಿ, “ಇದೇನ್ ಲಗ್ನದ ಬಾಜಾನೋ, ಸರ್ಕಸ್ಸೋ?” ಅಂದರು. ವೆರಾ ಲಿನ್ ಬಂದಾಗ ನಿದ್ದೆ ಹೋದರು.

ಮೂರನೇ ಭಾನುವಾರ ನಾನು ‘ಕಿಸ್ಮತ್’ ಹಾಕಿದೆ. 1943ರ ಚಿತ್ರ. ಕಲ್ಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿದ್ದು. ಪರದೇಶದವರೇ ದೂರ ಸರಿಯಿರಿ ಎಂದು ಗದರಿಸುವ ಅದರ ಮೇಳದ ಹಾಡನ್ನು ಬರೆದವರು ಕವಿ ಪ್ರದೀಪ್, ಸಂಗೀತ ಅನಿಲ್ ಬಿಸ್ವಾಸ್. ಹಾಡಿನಲ್ಲಿ ಜರ್ಮನಿ, ಜಪಾನಿನ ಹೆಸರು ಬರುತ್ತದೆ. ಯುದ್ಧದಲ್ಲಿ ಅವರೇ ಶತ್ರುಗಳಲ್ಲವೇ ಎಂದು ಬ್ರಿಟಿಷ್ ಸೆನ್ಸಾರಿನವರು ಬಿಟ್ಟುಕೊಟ್ಟರು. ಯಾರಿಗೆ ಹೇಳಿದ್ದು ಎಂಬುದು ಟಾಕೀಸಿನಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಬ್ರಿಟಿಷರಿಗೆ ತಡವಾಗಿ ಹೊಳೆದು ಪ್ರದೀಪ್ ಕೆಲ ಕಾಲ ತಲೆಮರೆಸಿಕೊಳ್ಳಬೇಕಾಯಿತು.

ಆ ಹಾಡಿನ ಹೆಣ್ಣುದನಿ ಅಮೀರ್‌ಬಾಯಿ ಕರ್ನಾಟಕಿಯದು. ಬೀಳಗಿಯವರು, ಆಗಿನ ವಿಜಾಪುರ ಜಿಲ್ಲೆ. ಅಕ್ಕ ಗೋಹರ್‌ಬಾಯಿ ಕೂಡ ಹೆಸರಾಂತ ಗಾಯಕಿ. ‘ಕಿಸ್ಮತ್’ನಲ್ಲಿ ಅಮೀರ್‌ಬಾಯಿ ಹಾಡಿದ ಬೇರೆ ಹಾಡುಗಳೂ ಮನೆಮಾತಾದವು, ಮರುವರ್ಷ ನೌಷಾದರ ‘ರತನ್’ನಲ್ಲೂ ಹಾಡಿದರು. ಇಡೀ ದೇಶ ಯುದ್ಧದ ರೇಷನ್ನಿನಲ್ಲಿ ಒಣಗಿದ್ದಾಗ ಜನ ಗುನುಗುತ್ತಿದ್ದದ್ದು ಒಬ್ಬ ಕನ್ನಡತಿಯ ಹಾಡು. ರಹಮತ್ ತರೀಕೆರೆಯವರು ಕನ್ನಡದಲ್ಲಿ ಅವರ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ, ಸಿಕ್ಕರೆ ಓದಿ. ಲತಾ ಬಂದ ಮೇಲೆ ಈ ತಲೆಮಾರಿನ ದನಿಗಳನ್ನು ನಾವು ಮರೆತ ಬಗೆ ನ್ಯಾಯವಾದುದಲ್ಲ ಎಂದೇ ನನ್ನ ಅಭಿಪ್ರಾಯ.

ಅಪ್ಪ ಎದ್ದು ಕೂತರು. “ಈ ದನಿ ಗೊತ್ತದ” ಅಂದರು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ಒಬ್ಬ ಅಂಗಡಿಯವನು ಸುರುಳಿ ಕೊಡುವ ಗ್ರಾಮಫೋನ್ ಇಟ್ಟು ಜನ ಸೇರಿಸುತ್ತಿದ್ದನಂತೆ. ಅಲ್ಲಿಂದ ಮಾತು ರೇಡಿಯೊಗೆ ಬಂತು. ಊರಿಗೆಲ್ಲ ಒಂದೇ ರೇಡಿಯೊ, ದೇಶಮುಖರ ವಾಡೆಯಲ್ಲಿ, ದೊಡ್ಡ ಬ್ಯಾಟರಿಯದು. 1948ರಲ್ಲಿ ಅದನ್ನು ಬಾಗಿಲು ಹಾಕಿಕೊಂಡು, ಸಣ್ಣ ದನಿಯಲ್ಲಿ ಕೇಳುತ್ತಿದ್ದರಂತೆ. ಹುಡುಗರನ್ನು ಹೊರಗೆ ಕೂರಿಸಿ, ಯಾರಾದರೂ ಬಂದರೆ ಕೆಮ್ಮಬೇಕು ಎಂದು ಹೇಳಿ.

ಯಾಕೆ ಎಂದು ಕಲ್ಯಾಣ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷವಾದರೂ ನಮಗೆ ಬಂದಿರಲಿಲ್ಲ. ಕಾಸಿಂ ರಜ್ವಿಯ ರಜಾಕಾರರ ಹಾವಳಿ. ಆ ವರ್ಷದ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಗೋರಟಾದಲ್ಲಿ ಹತ್ಯಾಕಾಂಡ ನಡೆದಿತ್ತು. ಆಗ ರೇಡಿಯೊ ಕೇಳುವುದು ಯಾರಿಗೂ ಮನರಂಜನೆಯಾಗಿರಲಿಲ್ಲ, ನಾಳೆ ಊರು ಬಿಡಬೇಕೋ ಬೇಡವೋ ಎಂದು ತಿಳಿಯುವ ದಾರಿಯಾಗಿತ್ತು.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ಒಳಗೆ ಬಂತು. ನಳದುರ್ಗ, ಉಮರ್ಗಾ, ನಮ್ಮ ರಾಜೇಶ್ವರ, ಹುಮನಾಬಾದ್, ಝಹೀರಾಬಾದ್. ಇವತ್ತು ನಾನು ಊರಿಗೆ ಹೋಗಿ ಬರುವ ಹೈದರಾಬಾದ್–ಪುಣೆ ಹೆದ್ದಾರಿಯೇ ಅದು. ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಪಡೆ. ಷರ್ಮನ್, ಸ್ಟುವರ್ಟ್ ಟ್ಯಾಂಕುಗಳು, ಲಾರಿಗಳು, ಜೀಪುಗಳು. ಎಲ್ಲವೂ ಮಹಾಯುದ್ಧದಿಂದ ಉಳಿದ ಸಾಮಾನೇ. ಮೇಲೆ ಟೆಂಪೆಸ್ಟ್ ವಿಮಾನಗಳು. ಒಂಬತ್ತು ವರ್ಷದ ಅಪ್ಪ ಮುಂಗಾರಿ ಜೋಳದ ಹೊಲದಲ್ಲಿ ಕವುಚಿ ಮಲಗಿದ್ದರಂತೆ. ಸದ್ದು ನಿಂತ ಮೇಲೆ ಎದ್ದು ರಸ್ತೆಗೆ ಓಡಿದರು. “ಒಂದರ ಹಿಂದ ಒಂದು ಹೊಂಟಿದ್ದವು ನೋಡು. ಎಣಸಲಕ್ಕ ಹೋದೆ, ನೂರರ ಮ್ಯಾಗ ನನಗ ಲೆಕ್ಕಾ ಬರ್ತಿರಲಿಲ್ಲ. ಇಂಥಾವೇ ಗಾಡಿ. ಒಬ್ಬ ಸಿಪಾಯಿ ಕೈ ಮಾಡ್ದ. ನಮ್ಮವ್ವ ಅಳ್ಲಕತ್ತಿದ್ಳು, ಖುಷಿಲೆ.”

ಆ ಸಾಲಿನಲ್ಲಿ ನನ್ನ ಜೀಪೂ ಇತ್ತು ಎಂದು ನಾನು ಹೇಳಲಾರೆ. ಗೆಳೆಯರು ಹೇಳು ಎನ್ನುತ್ತಾರೆ, ಮಾರುವಾಗ ಬೆಲೆ ಬರುತ್ತದಂತೆ. ಡ್ಯಾಶ್‌ಬೋರ್ಡಿನ ತಗಡುಗಳೇ ಕಳೆದುಹೋದ ಗಾಡಿಯ ಬಾಯಲ್ಲಿ ಸುಳ್ಳು ಸಾಕ್ಷಿ ಹೇಳಿಸುವ ಮನಸ್ಸು ನನಗಿಲ್ಲ.

ಉಸ್ತಾದ್ ಅಷ್ಟು ಹೊತ್ತೂ ವಾಲ್ವ್ ಅರೆಯುತ್ತಿದ್ದರು. ಈ ಎಂಜಿನ್ನಿನಲ್ಲಿ ವಾಲ್ವುಗಳು ಹೆಡ್ಡಿನಲ್ಲಿಲ್ಲ, ಬ್ಲಾಕಿನಲ್ಲೇ ಸಿಲಿಂಡರಿನ ಪಕ್ಕ ನಿಂತಿರುತ್ತವೆ. ಹೆಡ್ ತೆಗೆದು, ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರಿನ ಬಟ್ಟಲಿರುವ ಕಡ್ಡಿಯನ್ನು ಅದರ ತಲೆಗೆ ಅಂಟಿಸಿ, ಮಜ್ಜಿಗೆ ಕಡೆದಂತೆ ಎರಡೂ ಅಂಗೈ ನಡುವೆ ಹೊಸೆಯಬೇಕು. ಕರ್ರ್, ಕರ್ರ್. ಕೈ ನಿಲ್ಲಿಸದೆ ತಮ್ಮ ದಖನಿಯಲ್ಲಿ ಹೇಳಿದರು, “ನಮ್ಮ ಅಬ್ಬಾನೂ ಅವೇ ಗಾಡಿ ನೋಡಿದ್ದರು ಸಾಬ್. ನಾವೂ ನಿಮ್ಮ ಜಿಲ್ಲೆಯವರೇ.”

ಹದಿನಾಲ್ಕು ವರ್ಷದಿಂದ ಬಲ್ಲ ಮನುಷ್ಯ. ಅದುವರೆಗೆ ಈ ಮಾತು ಬಂದಿರಲಿಲ್ಲ.

ಸೇನೆ ಮುಂದೆ ಹೋದ ಮೇಲೆ ಏನಾಯಿತು ಎಂಬುದನ್ನು ನಮ್ಮ ಊರುಗಳಲ್ಲಿ ಗಟ್ಟಿಯಾಗಿ ಹೇಳುವುದಿಲ್ಲ. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ತಿರುಗಾಡಿ ನೋಡಿ ವರದಿ ಕೊಟ್ಟಿತು. ಹೈದರಾಬಾದ್ ಸಂಸ್ಥಾನದಲ್ಲಿ ಸತ್ತವರು ಕಡಿಮೆ ಎಂದರೂ 27 ಸಾವಿರದಿಂದ 40 ಸಾವಿರ ಎಂಬುದು ಅದರ ಅಂದಾಜು, ಹೆಚ್ಚಿನವರು ಮುಸ್ಲಿಮರು. ಅತಿ ಹೆಚ್ಚು ಪೆಟ್ಟು ಬಿದ್ದ ನಾಲ್ಕು ಜಿಲ್ಲೆ ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ. ವರದಿ ದಶಕಗಳ ಕಾಲ ಕಪಾಟಿನಲ್ಲೇ ಉಳಿಯಿತು. ಉಸ್ತಾದರ ಅಜ್ಜನದು ಕಿರಾಣಿ ಅಂಗಡಿ. ಅವರು ಉಳಿಯಲಿಲ್ಲ. ಹನ್ನೆರಡು ವರ್ಷದ ಮಗ ಬಂಡಿಯಲ್ಲಿ, ಮೇವಿನ ಕೆಳಗೆ ಮಲಗಿ ಹೈದರಾಬಾದ್ ಸೇರಿದ. ಲಾರಿ ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಂತ. ಆಗ ಗ್ಯಾರೇಜುಗಳ ತುಂಬ ಮಿಲಿಟರಿ ಹರಾಜು ಹಾಕಿದ ಡಿಸ್ಪೋಸಲ್ ಗಾಡಿಗಳೇ. ಅವುಗಳ ಮೇಲೆಯೇ ಕೈ ಪಳಗಿತು. ಆ ವಿದ್ಯೆಯೇ ಈಗ ನನ್ನ ಜೀಪಿನ ವಾಲ್ವ್ ಅರೆಯುತ್ತಿದ್ದದ್ದು.

ಸೆಪ್ಟೆಂಬರ್ 17ರ ಪ್ರಸಾರಗಳನ್ನು ಆ ಹುಡುಗನೂ ಕೇಳಿದ್ದನಂತೆ, ಬಜಾರಿನ ಯಾವುದೋ ಹೋಟೆಲಿನ ಮುಂದೆ ನಿಂತು. ಆ ದಿನ ಪ್ರಧಾನಿ ಲಾಯಕ್ ಅಲಿ ರೇಡಿಯೊದಲ್ಲಿ ರಾಜೀನಾಮೆ ಹೇಳಿದರು, ಆಮೇಲೆ ಸ್ವತಃ ನಿಜಾಮರು ಮಾತಾಡಿ ಕದನ ನಿಲ್ಲಿಸಿದ್ದನ್ನು ಸಾರಿದರು. ನಿಜಾಮರು ರೇಡಿಯೊ ಮುಂದೆ ಬಂದದ್ದು ಅದೇ ಮೊದಲು ಎಂದು ಕೆ.ಎಂ. ಮುನ್ಷಿ ಬರೆದಿದ್ದಾರೆ. ಅದೇ ಮಾತನ್ನು ದೇಶಮುಖರ ವಾಡೆಯಲ್ಲಿ ಕೇಳಿದವರು ಬಾಗಿಲು ತೆರೆದು ಹೊರಗೆ ಬಂದರು. ಬಜಾರಿನಲ್ಲಿ ಕೇಳಿದವರು ಅಂಗಡಿಯ ಬಾಗಿಲು ಹಾಕಿದರು.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಮರ್ಫಿಯಲ್ಲಿ ಅಮೀರ್‌ಬಾಯಿಯ ಇನ್ನೊಂದು ಹಾಡು ಮುಗಿದು ಮತ್ತೊಂದು ಬಂತು. ಆಮೇಲೆ ಉರ್ದುವಿನಲ್ಲೇ ಕೇಳಿದರು. ಅವರ ಮೊದಲ ಎರಡು ಕ್ಲಾಸು ನಿಜಾಮರ ಶಾಲೆಯಲ್ಲಿ ಉರ್ದುವಿನಲ್ಲೇ ಆದದ್ದು. ಯಾವ ಊರು, ಅಂಗಡಿ ಎಲ್ಲಿತ್ತು, ಬಾವಿಯ ಈ ಕಡೆಯೋ ಆ ಕಡೆಯೋ. ಉಸ್ತಾದ್ ಅಬ್ಬಾನಿಂದ ಕೇಳಿದ ಗುರುತು ಹೇಳಿದರು. ಅಪ್ಪ ತಲೆ ಆಡಿಸಿದರು. ಆ ಅಂಗಡಿಯ ಕಟ್ಟೆಯ ಮೇಲೆ ಬೆಲ್ಲದ ಚೂರು ತಿಂದದ್ದು ಅವರಿಗೆ ನೆನಪಿತ್ತು. ಆಮೇಲೆ ಕನ್ನಡದಲ್ಲಿ, ನನಗೋ ತಮಗೋ ಎಂಬಂತೆ, “ನಾವೂ ನೋಡೀವಿ. ಯಾರೂ ಏನೂ ಅನ್ಲಿಲ್ಲ” ಅಂದರು. ಉಸ್ತಾದ್‌ಗೆ ಅಷ್ಟು ಕನ್ನಡ ತಿಳಿಯುತ್ತದೆ. ಅವರು ವಾಲ್ವ್ ಎತ್ತಿ ಬೆಳಕಿಗೆ ಹಿಡಿದು, ಅಂಚಿನ ಬೂದು ಗೆರೆ ಸುತ್ತಲೂ ಸಮ ಬಂದಿದೆಯೇ ನೋಡಿ, ಮತ್ತೆ ಕೂರಿಸಿದರು. ನಾನು ಚಹಾ ತರಲು ಹೊರಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಇಬ್ಬರೂ ಊರಿನ ಉರುಸಿನ ಮಿಠಾಯಿ ಬಗ್ಗೆ ವಾದಕ್ಕೆ ಬಿದ್ದಿದ್ದರು.

ಯುದ್ಧಕಾಲದ ಹಾಡು ಕೇಳುವುದನ್ನು ನಾನು ನಿಲ್ಲಿಸಿಲ್ಲ, ನಿಲ್ಲಿಸಬೇಕಾದ ಕಾರಣವೂ ಕಾಣುವುದಿಲ್ಲ. ಗ್ಲೆನ್ ಮಿಲ್ಲರ್ ಈಗಲೂ ತುಕ್ಕು ಉಜ್ಜಲು ಒಳ್ಳೆಯ ಜೊತೆ. ಆದರೆ ಮೊಬೈಲಿನಲ್ಲಿ ಒಂದು ಹೊಸ ಫೋಲ್ಡರ್ ಸೇರಿಕೊಂಡಿದೆ. ಡೆಕ್ಕನ್ ರೇಡಿಯೊ ಕೇಳಿದ್ದ ಹಿರಿಯರು ಸಿಕ್ಕಾಗ, ಅವರು ಒಪ್ಪಿದರೆ, ಏನು ಕೇಳಿದಿರಿ, ಎಲ್ಲಿ ಕೂತು ಕೇಳಿದಿರಿ ಎಂದು ಧ್ವನಿಮುದ್ರಿಸಿಕೊಳ್ಳುತ್ತೇನೆ. ಎಂಟು ಜನ ಆಗಿದ್ದಾರೆ. ಒಬ್ಬ ಅಜ್ಜಿಗೆ ಸುದ್ದಿ ಒಂದೂ ನೆನಪಿಲ್ಲ, ಸುದ್ದಿಗೆ ಮೊದಲು ಬರುತ್ತಿದ್ದ ಸಾರಂಗಿ ನೆನಪಿದೆ, ಅದನ್ನು ಬಾಯಲ್ಲೇ ನುಡಿಸಿ ತೋರಿಸಿದರು.

ಅಪ್ಪ ಮತ್ತು ಉಸ್ತಾದರದು 41 ನಿಮಿಷ. ಹಿಂದೆ ಉದ್ದಕ್ಕೂ ಪೇಸ್ಟಿನ ಕರ್ರ್ ಕರ್ರ್ ಕೇಳಿಸುತ್ತದೆ. ಈಗಿನ ಸಾಫ್ಟ್‌ವೇರಿನಲ್ಲಿ ಆ ಗದ್ದಲ ತೆಗೆಯುವುದು ಎರಡು ನಿಮಿಷದ ಕೆಲಸ. ತೆಗೆದು ಒಮ್ಮೆ ಅಪ್ಪನಿಗೆ ಫೋನಿನಲ್ಲಿ ಕೇಳಿಸಿದೆ. “ಉಸ್ತಾದ್ ಎದ್ದು ಹೋದಂಗ ಅನಸ್ತದ, ಮೊದಲಿನದೇ ಇರ್ಲಿ” ಅಂದರು. ಹಾಗೆಯೇ ಇಟ್ಟಿದ್ದೇನೆ.

ಜೀಪಿಗೆ ರಿಜಿಸ್ಟ್ರೇಷನ್ ಆಗಬೇಕು. 50 ವರ್ಷ ದಾಟಿದ ಗಾಡಿಗಳಿಗೆ 2021ರಿಂದ ‘ವಿಎ’ ಎಂಬ ಬೇರೆಯೇ ನಂಬರ್ ಸರಣಿ ಬಂದಿದೆ, ಅದಕ್ಕೆ ಕಾಗದ ಜೋಡಿಸುತ್ತಿದ್ದೇನೆ. ತಾಮ್ರದ ಪಟ್ಟಿಗಳು ಆರು ಕೂತಿವೆ, ಇನ್ನೂ ನಾಲ್ಕು ಬೇಕು. ಮೂರನೇ ಸಿಲಿಂಡರಿನ ಕಂಪ್ರೆಷನ್ ಮಾತ್ರ ಕಡಿಮೆಯೇ ತೋರಿಸುತ್ತಿದೆ. ಬರುವ ಭಾನುವಾರ ಹೆಡ್ ಮತ್ತೆ ಬಿಚ್ಚಬೇಕು ಎಂದು ಉಸ್ತಾದ್ ಹೇಳಿದ್ದಾರೆ.